ಏರಿನಲ್ಲಿ ಸೊರಗುವ ಹಳೆ ಕಾರು: ಪೆಟ್ರೋಲ್ ಎಲ್ಲಿ ತಡೆಯುತ್ತಿದೆ ಎಂದು ಹುಡುಕುವ ಬಗೆ

ಹೆಬ್ರಿ ದಾಟಿ, ಸೋಮೇಶ್ವರದಲ್ಲಿ ಚಹಾ ಕುಡಿದು, ಆಗುಂಬೆ ಘಾಟಿ ಹತ್ತಲು ಶುರು ಮಾಡಿದ್ದೆವು. ಅಪ್ಪ ತಗೊಂಡಿದ್ದ ಹಳೆಯ ಕಾರ್ಬೊರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್‌ಗೆ ಕೊಡುವ ಭಾಗ) ಕಾರು. ಹಿಂದಿನ ಸೀಟಿನಲ್ಲಿ ಅಮ್ಮ, ಚಿಕ್ಕಮ್ಮ. ತೀರ್ಥಹಳ್ಳಿಯಲ್ಲಿ ಮದುವೆ. ಮೂರು ತಿರುವಿನವರೆಗೆ ಗಾಡಿ ಚೆನ್ನಾಗಿಯೇ ಎಳೆಯಿತು. ನಾಲ್ಕನೆಯ ತಿರುವಿನಲ್ಲಿ ಕಾಲು ಒತ್ತಿದಷ್ಟೂ ಶಕ್ತಿ ಇಳಿಯುತ್ತಾ ಬಂತು. ಕಾಲು ಸ್ವಲ್ಪ ಎತ್ತಿದರೆ ಜೀವ ಬರುತ್ತಿತ್ತು, ಒತ್ತಿದರೆ ಮತ್ತೆ ಸೊರಗುತ್ತಿತ್ತು. ಹಿಂದಿನಿಂದ ಬಸ್ಸಿನ ಹಾರ್ನ್. ಹೇಗೋ ಬದಿಗೆ ತಗೊಂಡು ಹತ್ತು ನಿಮಿಷ ನಿಂತೆವು. ಆಮೇಲೆ ಸ್ಟಾರ್ಟ್ ಮಾಡಿದರೆ ಏನೂ ಆಗಿಯೇ ಇಲ್ಲ ಅನ್ನುವ ಹಾಗೆ ಹೊರಟಿತು. ಎರಡು ತಿರುವು ದಾಟುವಷ್ಟರಲ್ಲಿ ಮತ್ತೆ ಅದೇ ಕಥೆ.

ಅದಾದ ಮೇಲೆ ಎರಡು ತಿಂಗಳು ಒಂದೊಂದೇ ಸಾಮಾನು ಬದಲಿಸಿದೆ. ಪ್ಲಗ್, ಪ್ಲಗ್ ವೈರ್, ಪ್ಲಗ್‌ಗೆ ಕಿಡಿಯ ಕರೆಂಟ್ ಕೊಡುವ ಕಾಯಿಲ್, ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪ್. ಕಾರ್ಬೊರೇಟರನ್ನು ಎರಡು ಸಲ ಬಿಚ್ಚಿಸಿ ತೊಳೆಸಿದೆ. ಊರೊಳಗೆ ಗಾಡಿ ಚಂದ ಓಡುತ್ತಿತ್ತು, ಏರು ಬಂದರೆ ಹಳೆ ರೋಗ. ಕೊನೆಗೆ ಪರ್ಕಳದ ಕಡೆಯ ಒಬ್ಬ ಹಿರಿಯ ಮೆಕ್ಯಾನಿಕ್ ಎಲ್ಲ ಕೇಳಿಸಿಕೊಂಡು ಹೇಳಿದರು: "ಚೇಂಜ್ ಮಾಡುವುದು ಆಮೇಲೆ ನೋಡುವ ಮಾರಾಯ್ರೆ. ಮೊದಲು ಒಂದು ಬಾಟ್ಲಿ ಕೊಡಿ. ಒಂದು ನಿಮಿಷಕ್ಕೆ ಎಷ್ಟು ಪೆಟ್ರೋಲ್ ಬರ್ತದೆ ಅಂತ ಅಳೆಯುವ."

ಅರ್ಧ ಗಂಟೆಯಲ್ಲಿ ತಪ್ಪು ಸಿಕ್ಕಿತು. ಟ್ಯಾಂಕಿನ ಹತ್ತಿರದ ಒಂದು ಗೇಣು ರಬ್ಬರ್ ಪೈಪ್. ಆ ದಿನ ಕಲಿತದ್ದನ್ನು, ಆಮೇಲೆ ಬೇರೆ ಬೇರೆ ಗಾಡಿಗಳಲ್ಲಿ ನೋಡಿದ್ದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ನಿಮ್ಮ ಮನೆಯಲ್ಲೂ ಹಳೆಯ ಮಾರುತಿ 800, ಓಮ್ನಿ, ಪದ್ಮಿನಿ, ಅಂಬಾಸಿಡರ್ ಅಥವಾ ಕಾರ್ಬೊರೇಟರ್ ಇಲ್ಲದೆ ಇಂಜೆಕ್ಟರ್‌ನಿಂದ ಪೆಟ್ರೋಲ್ ಚಿಮ್ಮಿಸುವ ಮೊದಲ ಕಾಲದ ಎಂಪಿಎಫ್‌ಐ ಗಾಡಿ ಇದ್ದರೆ ಇದು ಉಪಯೋಗಕ್ಕೆ ಬರುತ್ತದೆ.

ಮೊದಲು ಒಂದು ಸಣ್ಣ ಲೆಕ್ಕ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಉಳಿದದ್ದೆಲ್ಲ ಇದರ ಮೇಲೆಯೇ ನಿಂತಿದೆ.

ಮಾರುತಿ 800ರ 796 ಸಿಸಿ ಇಂಜಿನ್ ತೆಗೆದುಕೊಳ್ಳಿ. ಸುಮ್ನೆ ನಿಂತಲ್ಲೇ ಐಡಲ್ ಓಡುವಾಗ ಗಂಟೆಗೆ ಹೆಚ್ಚುಕಮ್ಮಿ ಅರ್ಧ ಲೀಟರ್ ಪೆಟ್ರೋಲ್ ಸಾಕು. ಅಂದರೆ ನಿಮಿಷಕ್ಕೆ 10 ಮಿಲಿಗಿಂತ ಕಡಿಮೆ. ಸುರತ್ಕಲ್‌ನಿಂದ ಪಡುಬಿದ್ರಿಗೆ ಹೆದ್ದಾರಿಯಲ್ಲಿ 60ರಲ್ಲಿ ಹೋದರೆ, ಲೀಟರಿಗೆ 18 ಕಿಲೋಮೀಟರ್ ಕೊಡುತ್ತದೆ ಅಂತಿಟ್ಟುಕೊಳ್ಳಿ, ನಿಮಿಷಕ್ಕೆ 55 ಮಿಲಿ. ಅದೇ ಗಾಡಿ ತುಂಬ ಜನ ಕೂರಿಸಿಕೊಂಡು, ಪೂರ್ತಿ ಕಾಲು ಒತ್ತಿ, ಇದ್ದ 37 ಎಚ್‌ಪಿಯನ್ನೂ ಹಾಕಿ ಏರು ಹತ್ತುವಾಗ ಗಂಟೆಗೆ 10–11 ಲೀಟರ್ ಕೇಳುತ್ತದೆ. ನಿಮಿಷಕ್ಕೆ ಸುಮಾರು 180 ಮಿಲಿ.

ಐಡಲ್‌ನಲ್ಲಿ ಬೇಕಾದ್ದಕ್ಕಿಂತ ಇದು ಹದಿನೆಂಟು, ಇಪ್ಪತ್ತು ಪಟ್ಟು ಜಾಸ್ತಿ. ಎಲ್ಲೋ ಒಂದು ಕಡೆ ಪೈಪ್ ಅರ್ಧ ಕಟ್ಟಿದೆ, ನಿಮಿಷಕ್ಕೆ 100 ಮಿಲಿ ಮಾತ್ರ ಬರುತ್ತಿದೆ ಅಂದುಕೊಳ್ಳಿ. ಊರೊಳಗೆ ನಿಮಗೆ ಏನೂ ಗೊತ್ತಾಗುವುದಿಲ್ಲ. ಹೆದ್ದಾರಿಯಲ್ಲೂ ಇಲ್ಲ. ಏರಿನಲ್ಲಿ ಮಾತ್ರ ಪ್ರತಿ ನಿಮಿಷ 80 ಮಿಲಿ ಸಾಲ ಬೀಳುತ್ತದೆ. ಆ ಸಾಲವನ್ನು ಕಾರ್ಬೊರೇಟರಿನ ಫ್ಲೋಟ್ ಬೌಲ್ ಕೊಡುತ್ತಾ ಹೋಗುತ್ತದೆ. ಆ ಪುಟ್ಟ ತೊಟ್ಟಿಯಲ್ಲಿ 40 ಮಿಲಿ ಇದ್ದರೆ ಅರ್ಧ ನಿಮಿಷಕ್ಕೆ ಖಾಲಿ. ಕಾಲು ಎತ್ತಿದರೆ ಬೌಲ್ ಮತ್ತೆ ತುಂಬಿಕೊಳ್ಳುತ್ತದೆ, ಗಾಡಿ ಮತ್ತೆ ಓಡುತ್ತದೆ. ಘಾಟಿಯಲ್ಲಿ ನಮ್ಮ ಗಾಡಿ ಮಾಡಿದ್ದು ಇದನ್ನೇ. ನಿಂತ ಗಾಡಿಯ ಬಾನೆಟ್ ತೆಗೆದು, ಕೇಬಲ್ ಎಳೆದು ರೇಸ್ ಮಾಡಿ "ಸರಿ ಉಂಟಲ್ಲ" ಎಂದರೆ ಅದು ಪರೀಕ್ಷೆಯೇ ಅಲ್ಲ, ಯಾಕೆಂದರೆ ಲೋಡ್ ಇಲ್ಲದ ಇಂಜಿನ್ ಅಷ್ಟು ಪೆಟ್ರೋಲ್ ಕೇಳುವುದೇ ಇಲ್ಲ.

ದೊಡ್ಡ ಇಂಜಿನ್‌ಗೆ ಲೆಕ್ಕವೂ ದೊಡ್ಡದು. 1,817 ಸಿಸಿಯ ಇಸುಜು ಇಂಜಿನ್ ಇರುವ ಅಂಬಾಸಿಡರ್ ಇದರ ಎರಡು ಪಟ್ಟು ಕೇಳುತ್ತದೆ.

ಒಂದನೇ ಹೆಜ್ಜೆ: ಗಾಡಿ ಹೇಗೆ ಸೊರಗುತ್ತದೆ ಎಂದು ನೋಡಿ, ಬರೆದಿಡಿ

ಟೂಲ್ ಬಾಕ್ಸ್ ತೆಗೆಯುವ ಮೊದಲು ಒಂದು ಪುಸ್ತಕ, ಪೆನ್ನು. ಎಷ್ಟು ಹೊತ್ತಿಗೆ ಶುರುವಾಗುತ್ತದೆ, ಯಾವ ಗೇರ್, ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್ ಇತ್ತು, ಇಂಜಿನ್ ಬಿಸಿಯಿತ್ತಾ, ಮಳೆಯಿತ್ತಾ.

ಕಾಲು ಒತ್ತಿದ ಕ್ಷಣಕ್ಕೇ ಒಮ್ಮೆ ತಡವರಿಸಿ, ಆಮೇಲೆ ಸರಿಯಾಗಿ ಎಳೆದರೆ ಅದು ಸಪ್ಲೈ ತೊಂದರೆಯಲ್ಲ. ಕಾರ್ಬೊರೇಟರಿನ ಎಕ್ಸಲರೇಟರ್ ಪಂಪ್ ನೋಡಿಸಿ. ಮೊದಲ ಇಪ್ಪತ್ತು, ಮೂವತ್ತು ಸೆಕೆಂಡ್ ಚೆನ್ನಾಗಿ ಎಳೆದು ನಿಧಾನಕ್ಕೆ ಸೊರಗಿದರೆ, ಕಾಲು ಎತ್ತಿದಾಗ ಚೇತರಿಸಿಕೊಂಡರೆ, ಪೆಟ್ರೋಲ್ ಸಾಲುತ್ತಿಲ್ಲ ಎಂಬ ಅನುಮಾನ ಗಟ್ಟಿ. ಸ್ವಿಚ್ ಆಫ್ ಮಾಡಿ ಆನ್ ಮಾಡಿದ ಹಾಗೆ ಟಕ್ ಟಕ್ ಎಂದು ಜರ್ಕ್ ಹೊಡೆದರೆ ಮೊದಲು ಕರೆಂಟಿನ ಕಡೆ ನೋಡಿ: ಕಾಯಿಲ್, ಪಾಯಿಂಟ್, ಕಂಡೆನ್ಸರ್, ಪ್ಲಗ್ ವೈರ್. ನಮ್ಮ ಕರಾವಳಿಯ ತೇವದಲ್ಲಿ ಡಿಸ್ಟ್ರಿಬ್ಯೂಟರ್ ಕ್ಯಾಪ್ ಒಳಗೆ ಬೆವರುವುದು ಮಾಮೂಲಿ. ಇಂಜಿನ್ ಶಬ್ದ ಏರುತ್ತದೆ ಆದರೆ ಸ್ಪೀಡ್ ಏರುವುದಿಲ್ಲ ಅಂದರೆ ಕ್ಲಚ್ ಪ್ಲೇಟ್. ಹಿಂದಿನಿಂದ ಕಪ್ಪು ಹೊಗೆ ಬಂದರೆ ಪೆಟ್ರೋಲ್ ಕಮ್ಮಿಯಲ್ಲ, ಜಾಸ್ತಿ. ಏರ್ ಫಿಲ್ಟರ್ ತೆಗೆದು ಬೆಳಕಿಗೆ ಹಿಡಿಯಿರಿ.

ಬಿಸಿಯಾದ ಕಾಯಿಲ್ ಮಾತ್ರ ತುಂಬ ಮೋಸ ಮಾಡುತ್ತದೆ. ಅದೂ ಏರಿನಲ್ಲೇ ಕೈ ಕೊಡುತ್ತದೆ, ಹತ್ತು ನಿಮಿಷ ತಣ್ಣಗಾದರೆ ಸರಿಯಾಗುತ್ತದೆ. ಇವೆರಡನ್ನು ಬೇರೆ ಮಾಡಲು ಹಳೆ ಗಾಡಿಗಳಲ್ಲಿ ಒಂದು ಒಳ್ಳೆಯ ಉಪಾಯವಿದೆ: ಗಾಳಿ ತಡೆದು ಪೆಟ್ರೋಲ್ ಪಾಲು ಹೆಚ್ಚಿಸುವ ಚೋಕ್. ಗಾಡಿ ಸೊರಗುತ್ತಿರುವಾಗಲೇ ಚೋಕ್ ಗುಬ್ಬಿಯನ್ನು ಅರ್ಧ ಎಳೆಯಿರಿ. ಕ್ಷಣಕಾಲವಾದರೂ ಎಳೆತ ಹೆಚ್ಚಾದರೆ ಇಂಜಿನ್ ಪೆಟ್ರೋಲ್‌ಗೆ ಬಾಯಿ ಬಿಡುತ್ತಿದೆ ಎಂದರ್ಥ. ಏನೂ ಬದಲಾಗದಿದ್ದರೆ, ಅಥವಾ ಇನ್ನೂ ಹಾಳಾದರೆ, ಕರೆಂಟಿನ ಕಡೆ ಹೋಗಿ.

ಈ ಪರೀಕ್ಷೆಗೆ ಘಾಟಿಗೆ ಹೋಗಬೇಡಿ. ಮಂಗಳೂರಿನವರಿಗೆ ಮರವೂರು ಸೇತುವೆ ದಾಟಿ ಕೆಂಜಾರಿನಲ್ಲಿ ವಿಮಾನ ನಿಲ್ದಾಣಕ್ಕೆ ಹತ್ತುವ ಏರು ಇದೆ. ಉಡುಪಿಯವರಿಗೆ ಇಂದ್ರಾಳಿಯಿಂದ ಮಣಿಪಾಲ. ಬೆಳಿಗ್ಗೆ ಬೇಗ, ವಾಹನ ಕಡಿಮೆ ಇರುವಾಗ, ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು ಹೋಗಿ. ಚೋಕ್ ಎಳೆಯುವುದು, ಸೆಕೆಂಡ್ ಎಣಿಸುವುದು ಅವರ ಕೆಲಸ. ಎರಡನೇ ಗೇರಿನಲ್ಲಿ ಪೂರ್ತಿ ಕಾಲು ಒತ್ತಿದರೆ ಸ್ಪೀಡ್ ಜಾಸ್ತಿಯಾಗದೆ ಇಂಜಿನ್‌ಗೆ ಲೋಡ್ ಬೀಳುತ್ತದೆ. ಟ್ಯಾಂಕ್ ಅರ್ಧಕ್ಕಿಂತ ಮೇಲಿರಲಿ. ಕಾಲು ಟ್ಯಾಂಕ್ ಇರುವಾಗ ಏರಿನಲ್ಲಿ, ತಿರುವಿನಲ್ಲಿ ಪೆಟ್ರೋಲ್ ಒಂದು ಬದಿಗೆ ಸರಿದು ಎಳೆಯುವ ಪೈಪಿನ ಬಾಯಿ ಬಯಲಾಗಬಹುದು. ಟ್ಯಾಂಕ್ ತುಂಬಿದಾಗ ತೊಂದರೆ ಪೂರ್ತಿ ಮಾಯವಾದರೆ ತಪ್ಪು ಟ್ಯಾಂಕಿನೊಳಗೇ ಇದೆ ಅಂತ ಅಲ್ಲಿಗೇ ಗೊತ್ತಾಯಿತು.

ಎರಡನೇ ಹೆಜ್ಜೆ: ಟ್ಯಾಂಕಿನ ಮುಚ್ಚಳ

ಖರ್ಚಿಲ್ಲದ ಪರೀಕ್ಷೆ. ಗಾಡಿ ಸೊರಗಿದ ತಕ್ಷಣ ಬದಿಗೆ ನಿಲ್ಲಿಸಿ ಟ್ಯಾಂಕಿನ ಮುಚ್ಚಳ ತಿರುಗಿಸಿ. ಒಳಕ್ಕೆ "ಸ್ಸ್" ಎಂದು ಗಾಳಿ ಎಳೆದುಕೊಂಡು, ಆಮೇಲೆ ಗಾಡಿ ಚೆನ್ನಾಗಿ ಓಡಿದರೆ ಗಾಳಿದಾರಿ ಮುಚ್ಚಿದೆ. ಪೆಟ್ರೋಲ್ ಹೊರಗೆ ಹೋದಷ್ಟು ಗಾಳಿ ಒಳಗೆ ಬರಲೇಬೇಕಲ್ಲ. ಬಾರದಿದ್ದರೆ ಟ್ಯಾಂಕ್ ತಾನೇ ಪೆಟ್ರೋಲನ್ನು ಹಿಂದಕ್ಕೆ ಹಿಡಿದುಕೊಳ್ಳುತ್ತದೆ. ಕೆಲವು ಗಾಡಿಗಳಲ್ಲಿ ಈ ದಾರಿ ಮುಚ್ಚಳದಲ್ಲೇ ಇರುತ್ತದೆ, ಕೆಲವದರಲ್ಲಿ ಬೇರೆ ಸಣ್ಣ ಪೈಪ್. ಆ ಪೈಪಿನ ಬಾಯಿಗೆ ಕುಂಬಾರ ಹುಳ ಮಣ್ಣು ಮೆತ್ತಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ತೋಟದ ಮನೆಯ ಶೆಡ್ಡಿನಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯಾದರೆ ಇದನ್ನು ಮೊದಲು ನೋಡಿ. ಮುಚ್ಚಳ ತೆರೆದಿಟ್ಟು ಓಡಿಸಿ ಪರೀಕ್ಷೆ ಮಾಡುವುದು ಬೇಡ, ಏರಿನಲ್ಲಿ ಪೆಟ್ರೋಲ್ ಹೊರಗೆ ಚೆಲ್ಲುತ್ತದೆ.

ಮುಂದಿನದಕ್ಕೆ ಮೊದಲು: ಬೆಂಕಿಯ ಬಗ್ಗೆ

ಇಲ್ಲಿಂದ ಮುಂದೆ ಪೈಪ್ ಬಿಚ್ಚುವ ಕೆಲಸ. ಗಾಡಿಯನ್ನು ಬಯಲಿಗೆ ತನ್ನಿ. ಶೆಡ್ಡಿನೊಳಗೆ ಬೇಡ, ಬಚ್ಚಲೊಲೆಯ ಹತ್ತಿರವಂತೂ ಬೇಡವೇ ಬೇಡ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಿದು ದೂರದ ಬೆಂಕಿಯನ್ನು ಹುಡುಕಿಕೊಂಡು ಹೋಗುತ್ತದೆ. ಪುಡಿಯ ಅಗ್ನಿಶಾಮಕ ಸಿಲಿಂಡರ್ ಒಂದು ಕೈಗೆ ಸಿಗುವ ಹಾಗೆ ಇರಲಿ, ಅದನ್ನು ಹಿಡಿದು ಒಬ್ಬರು ನಿಂತಿರಲಿ. ಇಂಜಿನ್ ತಣ್ಣಗಿರುವಾಗ ಮಾತ್ರ ಪೈಪ್ ಬಿಚ್ಚಿ. ಬಾಯಿಂದ ಪೆಟ್ರೋಲ್ ಎಳೆಯಬೇಡಿ. ಬಾಟಲಿಯಲ್ಲಿ ಪೆಟ್ರೋಲ್ ತುಂಬಿ ಬಾನೆಟ್ ಒಳಗೆ ಕಟ್ಟಿ ರಸ್ತೆಗಿಳಿಯುವ ಅಭ್ಯಾಸ ಕೆಲವು ಕಡೆ ಇದೆ. ದಯವಿಟ್ಟು ಅದನ್ನು ಮಾಡಬೇಡಿ.

ಮೂರನೇ ಹೆಜ್ಜೆ: ಬಾಟಲಿ ಪರೀಕ್ಷೆ

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಕಾರ್ಬೊರೇಟರ್ ಗಾಡಿಗಳಿಗೆ ಹೇಳುತ್ತಿದ್ದೇನೆ. ಇಂಜೆಕ್ಷನ್ ಗಾಡಿಯ ವಿಷಯ ಕೊನೆಗೆ ಬರುತ್ತದೆ.

ಕಾರ್ಬೊರೇಟರಿಗೆ ಪೆಟ್ರೋಲ್ ಬರುವ ಪೈಪನ್ನು ಬಿಚ್ಚಿ. ಅದಕ್ಕೆ ಎರಡು ಮೀಟರ್ ಉದ್ದದ ಪೆಟ್ರೋಲ್ ಪೈಪ್ ಜೋಡಿಸಿ, ಕ್ಲಿಪ್ ಬಿಗಿದು, ಇನ್ನೊಂದು ತುದಿಯನ್ನು ಇಂಜಿನ್‌ನಿಂದ ದೂರ ನೆಲದ ಮೇಲಿಟ್ಟ ಪಾತ್ರೆಗೆ ಬಿಡಿ. ಅಳತೆಯ ಗುರುತಿರುವ, ಒಳಗೆ ಕಾಣುವ ಪಾತ್ರೆಯಾದರೆ ಒಳ್ಳೆಯದು. ಈಗ ಇಂಜಿನ್ ಸ್ಟಾರ್ಟ್ ಮಾಡಿ. ಬೌಲ್‌ನಲ್ಲಿ ಉಳಿದ ಪೆಟ್ರೋಲ್‌ನಿಂದ ಐಡಲ್‌ನಲ್ಲಿ ಅದು ಅರ್ಧ ನಿಮಿಷವಂತೂ ಓಡುತ್ತದೆ. 30 ಸೆಕೆಂಡ್ ಅಳೆದು ನಿಲ್ಲಿಸಿ. ಬಂದದ್ದನ್ನು ಎರಡರಿಂದ ಗುಣಿಸಿ.

ನನ್ನ ಅಳತೆಗೋಲು ಇಷ್ಟೇ: ಪೂರ್ತಿ ಲೋಡ್‌ಗೆ ಬೇಕಾದ್ದರ ಎರಡು ಪಟ್ಟು ಬರಬೇಕು. 800ರ ಇಂಜಿನ್‌ಗೆ ನಿಮಿಷಕ್ಕೆ 350 ಮಿಲಿ ಬಂದರೆ ನಿಶ್ಚಿಂತೆ. 200ಕ್ಕೆ ಇಳಿದರೆ ಏರಿನಲ್ಲಿ ಇವತ್ತಲ್ಲ ನಾಳೆ ಕೈ ಕೊಡುತ್ತದೆ. ನಮ್ಮ ಗಾಡಿಗೆ ಅವತ್ತು ಬಂದದ್ದು 110.

ಅಳೆಯುವಾಗ ಪೈಪಿನ ತುದಿ ಪೆಟ್ರೋಲಿನಲ್ಲಿ ಮುಳುಗಿರಲಿ. ಮೊದಲ ಕೆಲವು ಸೆಕೆಂಡ್ ಗುಳ್ಳೆ ಬರುವುದು ಸಹಜ. ಆಮೇಲೂ ಗುಳ್ಳೆ ನಿಲ್ಲದಿದ್ದರೆ ಪಂಪಿಗಿಂತ ಹಿಂದೆ, ಟ್ಯಾಂಕಿನ ಕಡೆ, ಎಲ್ಲೋ ಗಾಳಿ ಎಳೆಯುತ್ತಿದೆ. ಅಲ್ಲಿ ಹೊರಗೆ ಒಂದು ಹನಿಯೂ ಸೋರುವುದಿಲ್ಲ, ಅದಕ್ಕೇ ಕಣ್ಣಿಗೆ ಬೀಳುವುದಿಲ್ಲ. ಪಂಪಿಗಿಂತ ಮುಂದಿನದು ತಳ್ಳುವ ಬದಿ, ತೂತಿದ್ದರೆ ಸೋರುತ್ತದೆ. ಹಿಂದಿನದು ಎಳೆಯುವ ಬದಿ, ತೂತಿದ್ದರೆ ಗಾಳಿ ಹೀರುತ್ತದೆ. ಮೆಕ್ಯಾನಿಕ್‌ಗಳು "ಏರ್ ಎಳೀತಾ ಉಂಟು" ಅನ್ನುವುದು ಇದಕ್ಕೆ.

ಹೀಗೆ ಹಿಡಿದ ಪೆಟ್ರೋಲನ್ನು ಒಂದು ಗಾಜಿನ ಬಾಟಲಿಯಲ್ಲಿ ಅರ್ಧ ಗಂಟೆ ಅಲುಗಾಡಿಸದೆ ಇಡಿ. ತಳದಲ್ಲಿ ಬೇರೆ ಪದರ ಕಂಡರೆ ನೀರು. ಕೆಂಪು ಪುಡಿ ಕೂತರೆ ಟ್ಯಾಂಕಿನ ತುಕ್ಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ನೀರು ಸಿಗುವುದೇ ಹೆಚ್ಚು. ಹಲವು ಗಾಡಿಗಳಲ್ಲಿ ಟ್ಯಾಂಕಿನ ಮುಚ್ಚಳದ ಸುತ್ತಲಿನ ಕುಳಿಯಿಂದ ಮಳೆನೀರು ಹೋಗಲು ಒಂದು ಪುಟ್ಟ ತೂತು ಇರುತ್ತದೆ. ಮಾವಿನ ಮರ, ಹಲಸಿನ ಮರದ ಕೆಳಗೆ ನಿಲ್ಲಿಸಿದರೆ ಎಲೆ ಮಣ್ಣು ಕಟ್ಟಿ ಕುಳಿ ತುಂಬುತ್ತದೆ, ನೀರು ಮುಚ್ಚಳದ ಸವೆದ ವಾಷರ್ ದಾಟಿ ಒಳಗೆ ಇಳಿಯುತ್ತದೆ.

ನಾಲ್ಕನೇ ಹೆಜ್ಜೆ: ದಾರಿಯನ್ನು ಎರಡು ಭಾಗ ಮಾಡಿ

ಅಳತೆ ಕಡಿಮೆ ಬಂತು. ಈಗ ತಪ್ಪು ಪಂಪಿನದೋ, ಅದರ ಹಿಂದಿನದೋ? ಪಂಪಿಗೆ ಪೆಟ್ರೋಲ್ ಬರುವ ಪೈಪನ್ನು ತೆಗೆದು, ಟ್ಯಾಂಕ್ ಕಡೆಯ ತುದಿಗೆ ಬೂಚು ಹಾಕಿ. ಪಂಪಿನ ಬಾಯಿಗೆ ಒಂದು ಹೊಸ ಪೈಪ್ ಹಾಕಿ ಅದರ ತುದಿಯನ್ನು ನೆಲದ ಮೇಲಿಟ್ಟ, ಶುದ್ಧ ಪೆಟ್ರೋಲ್ ಇರುವ ಡಬ್ಬಕ್ಕೆ ಮುಳುಗಿಸಿ. ಮತ್ತೆ ಅದೇ 30 ಸೆಕೆಂಡಿನ ಪರೀಕ್ಷೆ.

ಈಗ ಚೆನ್ನಾಗಿ ಬಂದರೆ ಪಂಪ್ ಸರಿಯಿದೆ, ಹಿಂದಕ್ಕೆ ಹೋಗಿ. ಈಗಲೂ ಕಡಿಮೆಯಾದರೆ ಪಂಪ್. ನಾನು ಈ ಒಂದು ಪರೀಕ್ಷೆ ಮೊದಲೇ ಮಾಡಿದ್ದರೆ ಪಂಪ್ ಕೊಳ್ಳುವ ಅಗತ್ಯವೇ ಇರಲಿಲ್ಲ. ನಮ್ಮಲ್ಲಿ ಅಂಗಡಿಗೆ ಹೋಗಿ ಪಂಪ್ ತರುವುದು ಸುಲಭ, ಗಾಡಿಯ ಕೆಳಗೆ ತೂರುವುದು ಕಷ್ಟ. ಅದಕ್ಕೇ ಎಲ್ಲರೂ ಪಂಪ್ ಬದಲಿಸುತ್ತಾರೆ, ಅಲ್ವಾ?

ಹಿಂದಕ್ಕೆ ಹೋಗುವಾಗ ಮೊದಲು ಸಿಗುವುದು ಫಿಲ್ಟರ್. ಬದಲಿಸಿ, ಆದರೆ ಹಳೆಯದನ್ನು ಎಸೆಯಬೇಡಿ. ಬಂದ ದಾರಿಯಿಂದಲೇ ಅದನ್ನು ಬಿಳಿ ಬಟ್ಟೆಯ ಮೇಲೆ ಬಗ್ಗಿಸಿ. ಕೆಂಗಂದು ಪುಡಿಗೆ ಒಂದು ಆಯಸ್ಕಾಂತ ತೋರಿಸಿ, ಅಂಟಿಕೊಂಡರೆ ತುಕ್ಕು. ಕಪ್ಪು ಚೂರುಗಳಾದರೆ ಯಾವುದೋ ರಬ್ಬರ್ ಒಳಗಿಂದ ಕರಗುತ್ತಿದೆ. ನೂರು ರೂಪಾಯಿಯ ಫಿಲ್ಟರ್ ಮುಂದಿನ ದಾರಿಯನ್ನೆಲ್ಲ ತೋರಿಸಿಕೊಡುತ್ತದೆ. ಹೊಸದನ್ನು ಹಾಕುವಾಗ ಬಾಣದ ಗುರುತು ಇಂಜಿನ್ ಕಡೆಗೆ ಇರಲಿ.

ಆಮೇಲೆ ರಬ್ಬರ್ ಪೈಪುಗಳು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇಕಡಾ 20ರಷ್ಟು ಎಥನಾಲ್ ಇದೆ. ಹಳೆ ಗಾಡಿಯ ರಬ್ಬರ್ ಇದಕ್ಕಾಗಿ ಮಾಡಿದ್ದಲ್ಲ. ಕೆಲವು ಪೈಪುಗಳು ಬಿರುಕು ಬಿಡುತ್ತವೆ, ಅವು ಕಣ್ಣಿಗೆ ಕಾಣುತ್ತವೆ. ಕೆಲವು ಒಳಗಿನಿಂದ ಊದಿಕೊಳ್ಳುತ್ತವೆ. ನಮ್ಮ ಗಾಡಿಯದು ಅದೇ. ಹೊರಗಿನಿಂದ ಮುಟ್ಟಿದರೆ ಗಟ್ಟಿ, ಹೊಳಪು. ಬ್ಲೇಡ್‌ನಿಂದ ಉದ್ದಕ್ಕೆ ಸೀಳಿದಾಗ ಒಳಪದರ ಎದ್ದು ಬಂದು, ಬೆಂಕಿಕಡ್ಡಿ ತೂರುವಷ್ಟು ದಾರಿ ಮಾತ್ರ ಉಳಿದಿತ್ತು. ಪಂಪ್ ಜೋರಾಗಿ ಎಳೆದಷ್ಟೂ ಆ ಪದರ ಒಳಕ್ಕೆ ಮಡಚಿ ದಾರಿಯನ್ನು ಇನ್ನೂ ಮುಚ್ಚುತ್ತಿತ್ತು. ಐಡಲ್‌ನಲ್ಲಿ ಸರಿ, ಏರಿನಲ್ಲಿ ಬಂದ್. ಹಾಗಾಗಿ ಹತ್ತು ವರ್ಷ ದಾಟಿದ ರಬ್ಬರ್ ಪೈಪನ್ನು ಪರೀಕ್ಷೆ ಮಾಡುತ್ತಾ ಕೂರಬೇಡಿ, ಎಲ್ಲವನ್ನೂ ಬದಲಿಸಿ. ಎಸ್‌ಎಇ ಜೆ30 ಆರ್9 ಎಂದು ಮುದ್ರಿಸಿರುವ ಪೈಪ್ ಕೇಳಿ. ಎಥನಾಲ್ ತಡೆಯುವ ಒಳಪದರ ಅದಕ್ಕಿದೆ. ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಕೊಡುವ ಸಾದಾ ಕಪ್ಪು ಪೈಪ್ ಬೇಡ.

ಎಥನಾಲ್ ಇನ್ನೊಂದು ಕೆಲಸ ಮಾಡುತ್ತದೆ. ವರ್ಷಗಳಿಂದ ಟ್ಯಾಂಕಿನ ಗೋಡೆಗೆ ಅಂಟಿದ ಜಿಡ್ಡನ್ನು ಕರಗಿಸಿ ಎಬ್ಬಿಸುತ್ತದೆ. ಅದಕ್ಕೇ ಬಹಳ ದಿನ ನಿಂತಿದ್ದ ಗಾಡಿಯನ್ನು ಮತ್ತೆ ಓಡಿಸಿದರೆ ಮೊದಲ ಕೆಲವು ಟ್ಯಾಂಕ್‌ಗಳಲ್ಲೇ ಫಿಲ್ಟರ್ ಕಟ್ಟುತ್ತದೆ. ಒಂದು ಸಲ ಬದಲಿಸಿದೆ ಎಂದು ಸುಮ್ಮನಾಗಬೇಡಿ, ತಿಂಗಳಿಗೊಮ್ಮೆ ನೋಡುತ್ತಿರಿ.

ಗಾಡಿಯ ಕೆಳಗೆ ಓಡುವ ಕಬ್ಬಿಣದ ಪೈಪನ್ನು ಕ್ಲಾಂಪ್ ಇರುವ ಜಾಗಗಳಲ್ಲಿ ನೋಡಿ. ಮಲ್ಪೆ, ಪಣಂಬೂರು, ಉಳ್ಳಾಲದಂಥ ಕಡಲಂಚಿನ ಊರುಗಳಲ್ಲಿ ಉಪ್ಪುಗಾಳಿ ತಿನ್ನುವುದು ಅಲ್ಲಿಂದಲೇ. ಕಲ್ಲು ಬಡಿದು ಪೈಪ್ ಚಪ್ಪಟೆಯಾಗಿದೆಯಾ ಎಂದೂ ನೋಡಿ. ಲಗಾಡಿ ರಸ್ತೆಯಲ್ಲಿ ಓಡಿದ ಗಾಡಿಗಳಲ್ಲಿ ಇದು ಅಪರೂಪವಲ್ಲ.

ಕೊನೆಗೆ ಟ್ಯಾಂಕ್. ಎಳೆಯುವ ಪೈಪಿನ ತುದಿಯಲ್ಲಿ ಒಂದು ಜಾಲರಿ ಇರುತ್ತದೆ. ಕಸ ಪೆಟ್ರೋಲ್ ಜೊತೆ ಬಂದು ಜಾಲರಿಗೆ ಅಂಟಿ ಮುಚ್ಚುತ್ತದೆ, ಇಂಜಿನ್ ನಿಲ್ಲಿಸಿದರೆ ಹತ್ತು ನಿಮಿಷದಲ್ಲಿ ಕೆಳಗೆ ಉದುರುತ್ತದೆ. ಆಗ ಗಾಡಿ ಮತ್ತೆ ಓಡುತ್ತದೆ. ಈ ಲಕ್ಷಣಕ್ಕೆ ಜಾಲರಿಯನ್ನು ಮಾತ್ರ ತೊಳೆದರೆ ಸಾಲದು, ಟ್ಯಾಂಕ್ ಇಳಿಸಿ ಪೂರ್ತಿ ತೊಳೆಯಬೇಕು. ಖಾಲಿ ಟ್ಯಾಂಕಿಗೆ ವೆಲ್ಡಿಂಗ್ ಮಾಡಿಸುವುದಿದ್ದರೆ ಆ ಕೆಲಸ ಗೊತ್ತಿರುವವರಿಗೇ ಕೊಡಿ. ತುಂಬಿದ ಟ್ಯಾಂಕಿಗಿಂತ ಆವಿ ತುಂಬಿದ ಖಾಲಿ ಟ್ಯಾಂಕ್ ಹೆಚ್ಚು ಅಪಾಯ.

ಎಲ್‌ಪಿಜಿ ಕಿಟ್ ಹಾಕಿಸಿದ್ದ ಗಾಡಿಯಾ? ಹಾಗಾದರೆ ಪೆಟ್ರೋಲ್ ಲೈನಿನ ಮಧ್ಯೆ ಕರೆಂಟಿನಿಂದ ತೆರೆದು ಮುಚ್ಚುವ ಒಂದು ಸೊಲೆನಾಯ್ಡ್ ವಾಲ್ವ್ ಇರುತ್ತದೆ. ಕಿಟ್ ತೆಗೆಸಿದರೂ ಅದು ಅಲ್ಲೇ ಉಳಿದಿರಬಹುದು. ಅರ್ಧ ತೆರೆದು ಅಂಟಿಕೊಂಡರೆ ಏರಿನಲ್ಲಿ ಇದೇ ಗೋಳು. ಅದನ್ನು ಬಿಟ್ಟು ನೇರ ಪೈಪ್ ಜೋಡಿಸಿ ಅಳೆದು ನೋಡಿ.

ಪಂಪೇ ಕೆಟ್ಟಿದ್ದರೆ

ಇಂಜಿನ್ ಪಕ್ಕದಲ್ಲಿ ಕೂರುವ, ಮೆಕ್ಯಾನಿಕ್‌ಗಳು ಎಸಿ ಪಂಪ್ (ಏರ್ ಕಂಡೀಷನರ್‌ಗೂ ಇದಕ್ಕೂ ಸಂಬಂಧವಿಲ್ಲ) ಅನ್ನುವ ಹಳೆ ಪಂಪ್ ತುಂಬ ಸರಳ. ಒಂದು ಡಯಾಫ್ರಮ್, ಎರಡು ವಾಲ್ವ್, ಒಂದು ಸ್ಪ್ರಿಂಗ್, ಒಂದು ಲಿವರ್. ಕೆಳಗಿನ ಸಣ್ಣ ತೂತಿನಿಂದ ಪೆಟ್ರೋಲ್ ತೊಟ್ಟಿಕ್ಕಿದರೆ ಡಯಾಫ್ರಮ್ ಹರಿದಿದೆ. ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿ. ಇಂಜಿನ್ ಆಯಿಲ್ ಪೆಟ್ರೋಲ್ ವಾಸನೆ ಹೊಡೆದರೆ, ಮಟ್ಟ ಏರಿದ್ದರೆ, ಗಾಡಿಯನ್ನು ಅಲ್ಲಿಂದ ಅಲ್ಲಾಡಿಸಬೇಡಿ. ತೆಳುವಾದ ಆಯಿಲ್ ಬೇರಿಂಗ್ ತಿನ್ನುತ್ತದೆ, ಬೆಂಕಿಯ ಭಯ ಬೇರೆ.

ಹೊಸ ಪಂಪ್ ಹಾಕಿದ ಮೇಲೂ ಅಳತೆ ಕಡಿಮೆ ಬಂದರೆ ಪ್ಯಾಕಿಂಗ್ ನೋಡಿ. ಪಂಪಿಗೂ ಇಂಜಿನ್‌ಗೂ ನಡುವೆ ದಪ್ಪ ಜಾಸ್ತಿಯಾದರೆ ಲಿವರ್ ಕ್ಯಾಮಿಗೆ ಪೂರ್ತಿ ತಾಗುವುದಿಲ್ಲ, ಪ್ರತಿ ಹೊಡೆತವೂ ಗಿಡ್ಡವಾಗುತ್ತದೆ. ಹಾಗೆಂದು ಅವೆರಡರ ನಡುವೆ ಬಿಸಿ ತಡೆಯಲು ಇರುವ ಬೇಕಲೈಟ್ ತುಂಡನ್ನೇ ತೆಗೆದುಹಾಕಿದರೆ ಇಂಜಿನ್ ಬಿಸಿ ಪಂಪಿಗೆ ಹತ್ತಿ ಒಳಗಿನ ಪೆಟ್ರೋಲ್ ಆವಿಯಾಗುತ್ತದೆ. ಏಪ್ರಿಲ್, ಮೇ ಸೆಕೆಯಲ್ಲಿ ಪದ್ಮಿನಿ, ಅಂಬಾಸಿಡರ್ ಓಡಿಸಿದವರಿಗೆ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುವುದು ಗೊತ್ತು. ಅದು ಒಳ್ಳೆಯ ಪರೀಕ್ಷೆಯೂ ಹೌದು. ಒದ್ದೆ ಬಟ್ಟೆಗೆ ಗಾಡಿ ಚೇತರಿಸಿಕೊಂಡರೆ ಇದು ಆವಿಯ ತೊಂದರೆ. ಸೈಲೆನ್ಸರ್ ಪೈಪಿಗೆ ಹತ್ತಿರವಾಗಿ ಹೋಗುವ ಪೆಟ್ರೋಲ್ ಪೈಪನ್ನು ದೂರ ಸರಿಸಿ, ಕಳಚಿಹೋದ ತಗಡಿನ ಮರೆಯನ್ನು ಮತ್ತೆ ಹಾಕಿಸಿ.

ಅಳತೆ ಸರಿ ಬಂದರೂ ಗಾಡಿ ಸೊರಗಿದರೆ

ಆಗ ಮಾತ್ರ ಕಾರ್ಬೊರೇಟರ್ ಬಿಚ್ಚಿ. ಪೈಪ್ ಸೇರುವ ಬೋಲ್ಟಿನ ಒಳಗೆ ಒಂದು ಪುಟ್ಟ ಜಾಲರಿ ಇರಬಹುದು, ತುಂಬ ಜನ ಅದನ್ನು ಮರೆಯುತ್ತಾರೆ. ಬೌಲ್‌ಗೆ ಪೆಟ್ರೋಲ್ ಬಿಡುವ ನೀಡಲ್ ವಾಲ್ವ್ ಅಂಟುತ್ತಿದೆಯಾ, ಫ್ಲೋಟ್ ಮಟ್ಟ ತೀರಾ ಕೆಳಗಿದೆಯಾ ನೋಡಿ. ಕೆಲವು ಕಾರ್ಬೊರೇಟರ್‌ಗಳಲ್ಲಿ ಬೌಲ್‌ಗೆ ಗಾಜಿನ ಸಣ್ಣ ಕಿಟಕಿ ಇದೆ, ಪೆಟ್ರೋಲ್ ಮಟ್ಟ ಹೊರಗಿನಿಂದಲೇ ಕಾಣುತ್ತದೆ. ಮೇನ್ ಜೆಟ್‌ಗೆ ತಂತಿ ಚುಚ್ಚಬೇಡಿ. ತೂತು ಕೂದಲೆಳೆಯಷ್ಟು ದೊಡ್ಡದಾದರೂ ಮೈಲೇಜ್ ಹೋಯಿತು. ಗಾಳಿ ಹೊಡೆಯಿರಿ, ಕಾರ್ಬ್ ಕ್ಲೀನರ್ ಸ್ಪ್ರೇ ಮಾಡಿ. ಎರಡು ಬಾಯಿಯ ಕಾರ್ಬೊರೇಟರ್ ಆದರೆ ಎರಡನೆಯ ಬಾಯಿ ತೆರೆಯುವುದು ಜೋರಾಗಿ ಎಳೆಯುವಾಗ ಮಾತ್ರ. ಅದರ ಡಯಾಫ್ರಮ್ ಹರಿದಿದ್ದರೆ, ಜೆಟ್ ಕಟ್ಟಿದ್ದರೆ ಊರೊಳಗೆ ಗೊತ್ತೇ ಆಗುವುದಿಲ್ಲ.

ಎಂಪಿಎಫ್‌ಐ ಗಾಡಿಗಳಿಗೆ

ಇಲ್ಲಿ ಬಾಟಲಿಯ ಬದಲು ಪ್ರೆಶರ್ ಗೇಜ್ ಬೇಕು. ಹಳೆ ಪಂಪಿನ ಒತ್ತಡ ಕಾಲು ಬಾರ್ ಆಸುಪಾಸು. ಇದರಲ್ಲಿ ಸಾಮಾನ್ಯವಾಗಿ 2.5ರಿಂದ 3.5 ಬಾರ್. ನಿಮ್ಮ ಗಾಡಿಯ ಸರಿಯಾದ ಸಂಖ್ಯೆಯನ್ನು ಮ್ಯಾನುಯಲ್‌ನಲ್ಲಿ ನೋಡಿ. ಪೈಪ್ ಬಿಚ್ಚುವ ಮೊದಲು ಪಂಪಿನ ಫ್ಯೂಸ್ ತೆಗೆದು, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಒತ್ತಡ ಇಳಿಸಿ. ಗೊತ್ತಿಲ್ಲದಿದ್ದರೆ ಗ್ಯಾರೇಜಿಗೇ ಕೊಂಡೊಯ್ಯಿರಿ, ಆದರೆ ಒಂದು ಮಾತು ಕೇಳಿ: ಗೇಜನ್ನು ಲೋಡ್‌ನಲ್ಲಿ ನೋಡಿದಿರಾ? ಐಡಲ್‌ನಲ್ಲಿ 3 ಬಾರ್ ತೋರಿಸಿ, ಏರಿನಲ್ಲಿ 2ಕ್ಕೆ ಇಳಿಯುವ ಪಂಪುಗಳು ಬೇಕಾದಷ್ಟಿವೆ. ಗೇಜನ್ನು ಮುಂದಿನ ಗ್ಲಾಸಿನ ಹೊರಗೆ ಟೇಪ್ ಹಾಕಿ ಕಟ್ಟಬೇಕು, ಪೆಟ್ರೋಲ್ ಇರುವ ಪೈಪನ್ನು ಒಳಗೆ ತರಬಾರದು.

ಒತ್ತಡ ಕಡಿಮೆಯಿದ್ದರೂ ತಕ್ಷಣ ಪಂಪ್ ಬದಲಿಸಬೇಡಿ. ಮಲ್ಟಿಮೀಟರ್ ಹಿಡಿದು ಇಂಜಿನ್ ಓಡುವಾಗ ಪಂಪಿನ ಕನೆಕ್ಟರ್‌ನಲ್ಲಿ ವೋಲ್ಟೇಜ್ ನೋಡಿ. ಬ್ಯಾಟರಿಯಲ್ಲಿ 13.8 ಇದ್ದು ಪಂಪಿನಲ್ಲಿ 11 ಇದ್ದರೆ ಪಂಪಿನ ತಪ್ಪಲ್ಲ. ಹಸಿರು ಹಿಡಿದ ಅರ್ಥ್ ಬೋಲ್ಟ್, ಸುಟ್ಟ ರಿಲೇ, ಸಡಿಲ ಕನೆಕ್ಟರ್. ಕರಾವಳಿಯ ಗಾಡಿಗಳಲ್ಲಿ ಅರ್ಥ್ ಬೋಲ್ಟ್ ಉಜ್ಜಿ, ವ್ಯಾಸಲೀನ್ ಹಚ್ಚಿ ಬಿಗಿದರೆ ಹೊಸ ಪಂಪಿನ ಖರ್ಚು ಉಳಿಯುವುದುಂಟು. ಪ್ರೆಶರ್ ರೆಗ್ಯುಲೇಟರ್‌ಗೆ ವ್ಯಾಕ್ಯೂಮ್ ಪೈಪ್ ಇದ್ದರೆ ಅದನ್ನು ಎಳೆದು ನೋಡಿ. ಒಳಗೆ ಪೆಟ್ರೋಲ್ ಇದ್ದರೆ ರೆಗ್ಯುಲೇಟರ್ ಹೋಗಿದೆ. ಇನ್ನು, ಟ್ಯಾಂಕಿನೊಳಗಿನ ಪಂಪ್ ತಣ್ಣಗಾಗುವುದು ಪೆಟ್ರೋಲ್‌ನಿಂದಲೇ. ಯಾವಾಗಲೂ ರಿಸರ್ವ್‌ನಲ್ಲೇ ಓಡಿಸಿದರೆ ಪಂಪ್ ಬೇಗ ಸವೆಯುತ್ತದೆ.

ಕೊನೆಯ ಹೆಜ್ಜೆ: ಅದೇ ಏರು, ಅದೇ ಗೇರ್

ರಿಪೇರಿಯಾದ ಮೇಲೆ ಬಾಟಲಿ ಪರೀಕ್ಷೆಯನ್ನು ಮತ್ತೆ ಮಾಡಿ, ಹೊಸ ಸಂಖ್ಯೆಯನ್ನು ಪುಸ್ತಕದಲ್ಲಿ ಹಳೆಯದರ ಪಕ್ಕದಲ್ಲೇ ಬರೆಯಿರಿ. ಪೈಪ್ ಬದಲಿಸಿದ ಮೇಲೆ ನಮ್ಮದು 110ರಿಂದ 390ಕ್ಕೆ ಏರಿತ್ತು. ಎಲ್ಲ ಕ್ಲಿಪ್ಪುಗಳನ್ನು ಇನ್ನೊಮ್ಮೆ ಬಿಗಿದು, ಇಂಜಿನ್ ಹತ್ತು ನಿಮಿಷ ಓಡಿಸಿ, ಪ್ರತಿ ಜೋಡಣೆಗೂ ಒಣ ಬೆರಳು ತಾಗಿಸಿ ಸೋರಿಕೆ ನೋಡಿ. ಆಮೇಲೆ ಮೊದಲು ಹೋದ ಏರಿಗೇ ಹೋಗಿ. ಅದೇ ಎರಡನೇ ಗೇರ್, ಅದೇ ಪೂರ್ತಿ ಕಾಲು. ಮೊದಲು ಮೂವತ್ತು ಸೆಕೆಂಡಿಗೆ ಸೊರಗುತ್ತಿದ್ದರೆ ಈಗ ಒಂದೂವರೆ ನಿಮಿಷವಾದರೂ ಎಳೆಯಬೇಕು. ಒಂದು ವಾರ ಬಿಟ್ಟು ಹೊಸ ಫಿಲ್ಟರನ್ನು ಬೆಳಕಿಗೆ ಹಿಡಿದು ನೋಡಿ. ಟ್ಯಾಂಕಿನಿಂದ ಇನ್ನೂ ತುಕ್ಕು ಬರುತ್ತಿದ್ದರೆ ಅಷ್ಟರಲ್ಲಿ ಬಣ್ಣ ತಿರುಗಿರುತ್ತದೆ.

ಮಳೆಗಾಲ ಮುಗಿದ ಮೇಲೆ ಅಮ್ಮನನ್ನು ಕೂರಿಸಿಕೊಂಡು ಮತ್ತೆ ಆಗುಂಬೆಗೆ ಹೋದೆವು. ಹದಿನಾಲ್ಕು ತಿರುವೂ ಎಲ್ಲೂ ನಿಲ್ಲದೆ ಹತ್ತಿತು. ಡಿಕ್ಕಿಯಲ್ಲಿ ಈಗಲೂ ಒಂದು ಫಿಲ್ಟರ್, ಒಂದು ಮೀಟರ್ ಆರ್9 ಪೈಪ್, ನಾಲ್ಕು ಕ್ಲಿಪ್, ಒಂದು ಸ್ಕ್ರೂಡ್ರೈವರ್ ಇಟ್ಟಿದ್ದೇನೆ. ಜೊತೆಗೆ ಆ ಪುಸ್ತಕವೂ ಇದೆ.